ಟಿಕೆಟ್‌ನಲ್ಲಿರುವ ಆ ನಾಲ್ಕೂವರೆ ಡಾಲರ್ ಏರಿಸಿ ಅಂತ ನಮ್ಮ ಕನ್ನಡ ಕೂಟವೂ ಸಹಿ ಹಾಕಬೇಕಾ?

ಓಹಿಯೊ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ವಿಮಾನ ಕ್ಷೇತ್ರದಲ್ಲಿ ಕೆಲಸ ಮಾಡುವವರೂ ಇಲ್ಲಿದ್ದೀರಿ, ಬರೀ ಪ್ರಯಾಣ ಮಾಡುವವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮೂರಿನ ಏರ್‌ಪೋರ್ಟ್ ಮಧ್ಯಮ ಗಾತ್ರದ್ದು. ಟರ್ಮಿನಲ್ ಹಳೆಯದಾಗಿದೆ. ಬೆಳಗಿನ ಹೊತ್ತು ಸೆಕ್ಯುರಿಟಿ ಸಾಲು ಟಿಕೆಟ್ ಕೌಂಟರ್ ತನಕ ಬಂದಿರುತ್ತದೆ. ಜೋರು ಮಳೆ ಬಂದರೆ ಗೇಟ್ ಹತ್ತಿರ ಬಕೆಟ್ ಇಡುತ್ತಾರೆ. ಈಗ ಊರಿನ ವ್ಯಾಪಾರಿಗಳ ಸಂಘದವರು ನಮ್ಮ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರಿಗೆ ಒಂದು ಪತ್ರ ಬರೆದಿದ್ದಾರೆ. ಪ್ಯಾಸೆಂಜರ್ ಫೆಸಿಲಿಟಿ ಚಾರ್ಜ್, ಅಂದರೆ ಪಿಎಫ್‌ಸಿ, ವಿಮಾನ ಹತ್ತುವಾಗ ಟಿಕೆಟ್‌ನಲ್ಲೇ ಸೇರುವ ಏರ್‌ಪೋರ್ಟ್ ಶುಲ್ಕ, ಅದರ ಮಿತಿ 4.50 ಡಾಲರ್‌ನಲ್ಲೇ ನಿಂತಿದೆ, ಅದನ್ನು ಏರಿಸಿ ಅಂತ. ಊರಿನ ಬೇರೆ ಬೇರೆ ಸಂಘಗಳ ಸಹಿ ಕೇಳುತ್ತಿದ್ದಾರೆ. ನಮ್ಮ ಕನ್ನಡ ಕೂಟಕ್ಕೂ ಪತ್ರ ಬಂದಿದೆ.

ಕಮಿಟಿಯಲ್ಲಿ ಅರ್ಧ ಜನ "ಹಾಕೋಣ, ನಮ್ಮ ಊರಿಗೆ ಒಳ್ಳೆಯದು" ಅನ್ನುತ್ತಾರೆ. ಇನ್ನರ್ಧ ಜನ "ನಮ್ಮ ಜೇಬಿನಿಂದ ಇನ್ನೂ ಜಾಸ್ತಿ ತೆಗೆಯಿರಿ ಅಂತ ನಾವೇ ಹೇಳುವುದಾ?" ಅನ್ನುತ್ತಾರೆ. ನನಗೂ ತೀರ್ಮಾನ ಆಗುತ್ತಿಲ್ಲ. ಈ ದುಡ್ಡು ಎಲ್ಲಿಗೆ ಹೋಗುತ್ತದೆ? ಏರ್‌ಲೈನ್‌ಗಳು ಯಾಕೆ ಇದನ್ನು ಇಷ್ಟು ವಿರೋಧಿಸುತ್ತವೆ? ಗೊತ್ತಿರುವವರು ಬಿಡಿಸಿ ಹೇಳಿ.

ತುಂಗಾ_ತೀರ

ಬೇಡವೇ ಬೇಡ ಅಕ್ಕ. ಟಿಕೆಟ್ ಬೆಲೆಯ ಮೇಲೆ ಏಳೂವರೆ ಪರ್ಸೆಂಟ್ ತೆರಿಗೆ, ಪ್ರತಿ ಸೆಗ್ಮೆಂಟ್‌ಗೆ (ಹತ್ತುವ ಒಂದೊಂದು ವಿಮಾನಕ್ಕೆ) 5 ಡಾಲರ್ ಚಿಲ್ಲರೆ, ಸೆಕ್ಯುರಿಟಿಗೆ 5.60. ಇದರ ಮೇಲೆ ಇದೂ ಬೇಕಾ?

ರನ್‌ವೇ_ರಾಯ

ನಾನು ಏರ್‌ಪೋರ್ಟ್ ಪ್ಲಾನಿಂಗ್ ಕೆಲಸದಲ್ಲಿದ್ದೇನೆ, ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಏರಿಸಬೇಕು.

ತುಂಗಾ ಅವರೇ, ನೀವು ಹೇಳಿದ ಮೂರೂ ಏರ್‌ಪೋರ್ಟಿಗೆ ನೇರವಾಗಿ ಬರುವುದಿಲ್ಲ. ಏಳೂವರೆ ಪರ್ಸೆಂಟ್ ಮತ್ತು ಸೆಗ್ಮೆಂಟ್ ಫೀ ವಾಷಿಂಗ್ಟನ್‌ನಲ್ಲಿರುವ ಏರ್‌ಪೋರ್ಟ್ ಆಂಡ್ ಏರ್‌ವೇ ಟ್ರಸ್ಟ್ ಫಂಡ್‌ಗೆ ಹೋಗುತ್ತವೆ. ಆ ನಿಧಿ 1970ರಲ್ಲಿ ಶುರುವಾಗಿದ್ದು. ವಿಮಾನಯಾನ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಫ್‌ಎಎಯ ಖರ್ಚಿನ ದೊಡ್ಡ ಪಾಲು ಅಲ್ಲಿಂದಲೇ ನಡೆಯುತ್ತದೆ. ಒಂದು ಭಾಗ ಮಾತ್ರ ಎಐಪಿ ಅನ್ನುವ ಗ್ರಾಂಟ್ ಆಗಿ ಏರ್‌ಪೋರ್ಟ್‌ಗಳಿಗೆ ವಾಪಸ್ ಬರುತ್ತದೆ. ಅದೂ ಸುಮಾರು 3,300 ಏರ್‌ಪೋರ್ಟ್‌ಗಳ ಪಟ್ಟಿಯಲ್ಲಿ ಹಂಚಿಕೆಯಾಗಬೇಕು. ಆ ಗ್ರಾಂಟ್ ಹೆಚ್ಚಾಗಿ ರನ್‌ವೇ, ಟ್ಯಾಕ್ಸಿವೇ, ಸುರಕ್ಷತೆಯ ಕೆಲಸಗಳಿಗೆ. ಟರ್ಮಿನಲ್‌ನಲ್ಲಿ ಹೊಸ ಗೇಟ್ ಕಟ್ಟುವುದಕ್ಕೆ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಪಿಎಫ್‌ಸಿ ಒಂದೇ ನೀವು ವಿಮಾನ ಹತ್ತಿದ ಏರ್‌ಪೋರ್ಟಿಗೇ ಹೋಗುವ ದುಡ್ಡು. 1990ರ ಕಾನೂನಿನಲ್ಲಿ ಬಂತು, ಆಗ ಮಿತಿ 3 ಡಾಲರ್. 2000ದಲ್ಲಿ 4.50 ಮಾಡಿದರು. ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಒಂದು ಸೆಂಟ್ ಕೂಡ ಏರಿಲ್ಲ. ಸಿಮೆಂಟ್, ಉಕ್ಕು, ಕೂಲಿ ಎಲ್ಲ ಎಷ್ಟಾಗಿದೆ ನೋಡಿ. ಅಂದಿನ 4.50ಕ್ಕೆ ಇವತ್ತು ಹೆಚ್ಚುಕಡಿಮೆ ಅರ್ಧದಷ್ಟೇ ಬೆಲೆ.

ಹುಬ್ಬಳ್ಳಿ_ಟು_ಹೂಸ್ಟನ್

ಅಲ್ಲರೀ, ಅಂದರೆ ನಮ್ಮೂರ ಏರ್‌ಪೋರ್ಟ್ ನಮ್ಮಿಂದ ಎಷ್ಟು ತೆಗೆದುಕೊಳ್ಳಬೇಕು ಅನ್ನುವುದನ್ನು ವಾಷಿಂಗ್ಟನ್‌ನವರು ತೀರ್ಮಾನ ಮಾಡುತ್ತಾರಾ? ಏರ್‌ಪೋರ್ಟ್ ಊರಿಂದು ತಾನೇ?

ರನ್‌ವೇ_ರಾಯ

ಹೌದು ಸರ್. ಅಮೆರಿಕದಲ್ಲಿ ದೊಡ್ಡ ಏರ್‌ಪೋರ್ಟ್‌ಗಳೆಲ್ಲ ಹೆಚ್ಚುಕಡಿಮೆ ಸಾರ್ವಜನಿಕ ಆಸ್ತಿ. ನಗರದ್ದು, ಕೌಂಟಿಯದ್ದು, ಇಲ್ಲವೇ ಅದಕ್ಕೆಂದೇ ಮಾಡಿದ ಪ್ರಾಧಿಕಾರದ್ದು. ಆದರೆ ಪ್ರಯಾಣಿಕರ ತಲೆ ಲೆಕ್ಕದಲ್ಲಿ ಶುಲ್ಕ ಹಾಕುವ ಅಧಿಕಾರ ಫೆಡರಲ್ ಕಾನೂನು ಕೊಟ್ಟಷ್ಟೇ. ಏರ್‌ಪೋರ್ಟ್‌ಗಳ ಎರಡು ಸಂಘಗಳು, ಎಸಿಐ-ಎನ್‌ಎ ಮತ್ತು ಎಎಎಇ, ಬಹಳ ವರ್ಷಗಳಿಂದ ಇದೇ ಮಾತು ಹೇಳುತ್ತಿವೆ. ಮಿತಿ ತೆಗೆಯಿರಿ, ಇಲ್ಲವೇ ಏರಿಸಿ ಹಣದುಬ್ಬರಕ್ಕೆ ಜೋಡಿಸಿ ಅಂತ.

ಬೆಂಗ್ಳೂರ್_ಬಸ್ಸು

ಬೆಂಗಳೂರಿನಲ್ಲಿ ಕೂತು ಓದುತ್ತಿದ್ದೇನೆ. ನಮ್ಮಲ್ಲಿ ಯುಡಿಎಫ್ (ಯೂಸರ್ ಡೆವಲಪ್‌ಮೆಂಟ್ ಫೀ) ಅಂತ ನೂರಾರು ರೂಪಾಯಿ ಟಿಕೆಟ್‌ನಲ್ಲೇ ಸೇರಿರುತ್ತದೆ. ಎಇಆರ್‌ಎ ಅನ್ನುವ ನಿಯಂತ್ರಣ ಪ್ರಾಧಿಕಾರ ಐದೈದು ವರ್ಷಕ್ಕೆ ಲೆಕ್ಕ ಹಾಕಿ ದರ ನಿಗದಿ ಮಾಡುತ್ತದೆ. ಏರ್‌ಪೋರ್ಟ್ ಕಂಪನಿ ಇಷ್ಟು ಖರ್ಚಾಗಿದೆ ಅಂತ ತೋರಿಸಬೇಕು, ಏರ್‌ಲೈನ್‌ಗಳು ತಕರಾರು ಹೇಳಬಹುದು, ಜನರೂ ಹೇಳಬಹುದು. ನಿಮ್ಮಲ್ಲಿ ಸಂಸತ್ತೇ ಒಂದು ಅಂಕಿ ಬರೆದು ಇಪ್ಪತ್ತೈದು ವರ್ಷ ಮುಟ್ಟದೇ ಬಿಟ್ಟಿದೆ ಅಂದರೆ ಆಶ್ಚರ್ಯ ಆಗುತ್ತದೆ.

ತುಂಗಾ_ತೀರ

ಮುಟ್ಟದೇ ಇದ್ದದ್ದೇ ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಯುಡಿಎಫ್ ಎಷ್ಟು ಏರಿದೆ ಅಂತ ನೀವೇ ಹೇಳಿ ನೋಡೋಣ.

ಬೆಂಗ್ಳೂರ್_ಬಸ್ಸು

ಏರಿದೆ, ಒಪ್ಪುತ್ತೇನೆ. ಆದರೆ ಎರಡನೇ ಟರ್ಮಿನಲ್ಲೂ ಬಂತಲ್ಲ. 2008ರಲ್ಲಿ ಕೆಂಪೇಗೌಡ ನಿಲ್ದಾಣ ಶುರುವಾದಾಗ ಇದ್ದ ಜಾಗದಲ್ಲೇ ಇವತ್ತಿನ ಜನ ಹಿಡಿಸುತ್ತಿದ್ದರಾ?

ನಾಲ್ಕು_ಟಿಕೆಟ್

ನಾನು ಮನೆ ಲೆಕ್ಕ ಹೇಳುತ್ತೇನೆ. ನಾವು ನಾಲ್ಕು ಜನ. ನಮ್ಮೂರಿನಿಂದ ಎಲ್ಲಿಗೆ ಹೋಗಬೇಕಾದರೂ ಒಂದು ಕಡೆ ವಿಮಾನ ಬದಲಿಸಬೇಕು. ಹೋಗುವಾಗ ಎರಡು ಸಲ ಹತ್ತುತ್ತೇವೆ, ಬರುವಾಗ ಎರಡು ಸಲ. ಒಬ್ಬರಿಗೆ ನಾಲ್ಕು ಪಿಎಫ್‌ಸಿ, 18 ಡಾಲರ್. ನಾಲ್ಕು ಜನಕ್ಕೆ 72. ಏರ್‌ಪೋರ್ಟ್ ಸಂಘದವರು ಹಿಂದೆ ಕೇಳುತ್ತಿದ್ದ 8.50 ಆದರೆ 136. ಒಂದು ಪ್ರವಾಸಕ್ಕೆ 64 ಡಾಲರ್ ಜಾಸ್ತಿ. ದೊಡ್ಡ ಊರಿನಲ್ಲಿ ನೇರ ವಿಮಾನ ಸಿಗುವವರಿಗೆ ಇದರ ಅರ್ಧ ಸಾಕು. ಸಣ್ಣ ಊರಿನವರಿಗೇ ಹೊರೆ ಜಾಸ್ತಿ, ಅಲ್ವಾ? ಇದನ್ನು ಯಾರೂ ಹೇಳುವುದಿಲ್ಲ.

ಹಾಸನದ_ಮಗಳು

ಇದು ಸರಿಯಾದ ಪ್ರಶ್ನೆ. ಅದರಲ್ಲೂ ಅರ್ಧ ದುಡ್ಡು ನಾವು ವಿಮಾನ ಬದಲಿಸುವ ದೊಡ್ಡ ಹಬ್‌ಗೆ ಹೋಗುತ್ತದೆ, ನಮ್ಮೂರಿಗೆ ಬರುವುದಿಲ್ಲ.

ಸರಹದ್ದಿನ_ಸಾಲು

ಅದಕ್ಕೆ ಒಂದು ಪರಿಹಾರ ಹಿಂದೆ ಚರ್ಚೆಗೆ ಬಂದಿತ್ತು. 2017ರಲ್ಲಿ ಸೆನೆಟ್‌ನ ಅಪ್ರೋಪ್ರಿಯೇಷನ್ಸ್ ಕಮಿಟಿ (ಸರ್ಕಾರದ ಖರ್ಚು ನೋಡುವ ಸಮಿತಿ) ಮಸೂದೆಯಲ್ಲಿ ಪ್ರಯಾಣ ಶುರುವಾಗುವ ಏರ್‌ಪೋರ್ಟಿನಲ್ಲಿ ಮಾತ್ರ 8.50 ತನಕ, ಬದಲಿಸುವ ಕಡೆ 4.50 ಹಾಗೇ ಅಂತ ಇಟ್ಟಿದ್ದರು. ಅಂತಿಮ ಕಾನೂನಿನಲ್ಲಿ ಅದು ಉಳಿಯಲಿಲ್ಲ. ನನ್ನ ಮಟ್ಟಿಗೆ ಅದು ತುಂಬ ನ್ಯಾಯವಾದ ದಾರಿ. ನಮ್ಮೂರಿನ ಟರ್ಮಿನಲ್‌ಗೆ ನಾವು ಕೊಡೋಣ. ನಾವು ಬರೀ ಓಡಾಡಿ ಹೋಗುವ ಟರ್ಮಿನಲ್‌ಗೆ ಜಾಸ್ತಿ ಯಾಕೆ ಕೊಡಬೇಕು?

ನಾಲ್ಕು_ಟಿಕೆಟ್

ಇದಾದರೆ ನಾನೂ ಸಹಿ ಹಾಕುತ್ತೇನೆ. ಲೆಕ್ಕ 64 ಇದ್ದದ್ದು 32ಕ್ಕೆ ಇಳಿಯುತ್ತದೆ.

ಏರ್‌ಲೈನ್_ಒಳಮನೆ

ಏರ್‌ಲೈನ್ ಕಡೆಯ ಮಾತನ್ನೂ ಕೇಳಿ. ನಾನು ಒಂದು ಏರ್‌ಲೈನ್‌ನಲ್ಲಿ ರೆವೆನ್ಯೂ ವಿಭಾಗದಲ್ಲಿ ಇದ್ದವನು. ಸಣ್ಣ ದೂರದ, ಕಡಿಮೆ ಬೆಲೆಯ ಟಿಕೆಟ್‌ನಲ್ಲಿ ಪ್ರತಿ ಡಾಲರ್ ಲೆಕ್ಕಕ್ಕೆ ಬರುತ್ತದೆ. 49 ಡಾಲರ್ ಟಿಕೆಟ್ ಕೊಳ್ಳುವವರು ನಾಲ್ಕು ಡಾಲರ್ ಏರಿದರೆ ಕಾರಿನಲ್ಲೇ ಹೋಗುತ್ತಾರೆ. ಎರಡನೆಯದು, ಏರ್‌ಪೋರ್ಟ್‌ಗಳ ಹತ್ತಿರ ದುಡ್ಡಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಪಾರ್ಕಿಂಗ್, ಅಂಗಡಿ ಬಾಡಿಗೆ, ಲ್ಯಾಂಡಿಂಗ್ ಫೀ, ಟರ್ಮಿನಲ್ ಬಾಡಿಗೆ ಬರುತ್ತದೆ. ತೆರಿಗೆ ಇಲ್ಲದ ಬಾಂಡ್ ಮೂಲಕ ಅಗ್ಗಕ್ಕೆ ಸಾಲ ಸಿಗುತ್ತದೆ. ಕ್ಯಾನ್ಸಸ್ ಸಿಟಿ ನೋಡಿ. 2017ರಲ್ಲಿ ಜನ ಮತ ಹಾಕಿ ಒಪ್ಪಿದರು, 2023ರ ಫೆಬ್ರವರಿಯಲ್ಲಿ 150 ಕೋಟಿ ಡಾಲರ್‌ನ ಹೊಸ ಟರ್ಮಿನಲ್ ಬಾಗಿಲು ತೆರೆಯಿತು. ಲಗಾರ್ಡಿಯಾ ಪೂರ್ತಿ ಹೊಸದಾಯಿತು. ಇವೆಲ್ಲ ನಾಲ್ಕೂವರೆ ಮಿತಿ ಇದ್ದಾಗಲೇ ಆದದ್ದು.

ಬಾಂಡ್_ಲೆಕ್ಕ

ಆಗಿದೆ, ಆದರೆ ಹೇಗೆ ಆಯಿತು ಅನ್ನುವುದನ್ನು ಬಿಟ್ಟಿರಿ. ಬಾಂಡ್ ಅಂದರೆ ಸಾಲ. ಮೂವತ್ತು ವರ್ಷ ಬಡ್ಡಿ ಕಟ್ಟಬೇಕು. ಆ ಬಡ್ಡಿಯನ್ನು ಏರ್‌ಲೈನ್‌ಗಳ ಬಾಡಿಗೆಯಿಂದ, ಪಾರ್ಕಿಂಗ್‌ನಿಂದ, ಪಿಎಫ್‌ಸಿಯಿಂದ ತೀರಿಸುತ್ತಾರೆ. ಕೊನೆಗೆ ಪ್ರಯಾಣಿಕನೇ ಕೊಡುವುದು. ಪಿಎಫ್‌ಸಿ ಮುಂಚೆಯೇ ಕೈಗೆ ಬಂದರೆ ಸಾಲ ಕಡಿಮೆ, ಬಡ್ಡಿ ಕಡಿಮೆ. ಮನೆ ಕೊಳ್ಳುವಾಗ ಡೌನ್ ಪೇಮೆಂಟ್ ಜಾಸ್ತಿ ಕೊಟ್ಟ ಹಾಗೆ.

ಇನ್ನೊಂದು. ಆ ತೆರಿಗೆ ಇಲ್ಲದ ಬಾಂಡೂ ಶಾಶ್ವತ ಅಲ್ಲ. 2017ರ ತೆರಿಗೆ ಕಾನೂನಿನ ಹೊತ್ತಿನಲ್ಲಿ ಹೌಸ್ ಮಸೂದೆಯಲ್ಲಿ ಏರ್‌ಪೋರ್ಟ್‌ಗಳು ಬಳಸುವ ಪ್ರೈವೇಟ್ ಆಕ್ಟಿವಿಟಿ ಬಾಂಡ್ ಅನ್ನುವ ಬಗೆಯನ್ನೇ ರದ್ದು ಮಾಡಲು ಹೊರಟಿದ್ದರು. ಏರ್‌ಪೋರ್ಟ್ ಸಂಘಗಳು ಹಗಲುರಾತ್ರಿ ಓಡಾಡಿ ಉಳಿಸಿಕೊಂಡವು. ಆದರೂ ಹಳೆ ಸಾಲವನ್ನು ಅವಧಿಗೆ ಮುಂಚೆ ಕಡಿಮೆ ಬಡ್ಡಿಗೆ ಬದಲಿಸುವ ಅಡ್ವಾನ್ಸ್ ರಿಫಂಡಿಂಗ್ ಸೌಲಭ್ಯ ಹೋಯಿತು. ವಾಷಿಂಗ್ಟನ್‌ನಲ್ಲಿ ಯಾರೂ ಮಾತಾಡದೇ ಇದ್ದಿದ್ದರೆ ಪೂರ್ತಿಯೇ ಹೋಗುತ್ತಿತ್ತು.

ರನ್‌ವೇ_ರಾಯ

ಏರ್‌ಲೈನ್‌ಗಳ ವಿರೋಧದ ನಿಜವಾದ ಕಾರಣ ಟಿಕೆಟ್ ಬೆಲೆ ಅಲ್ಲ ಅನ್ನುವುದು ನನ್ನ ನಂಬಿಕೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಜಗಳದ ಬೇರು ಅಲ್ಲೇ ಇದೆ.

ಏರ್‌ಪೋರ್ಟ್ ಬಾಂಡ್ ಎತ್ತಿ ಟರ್ಮಿನಲ್ ಕಟ್ಟಿದರೆ ಅದರ ಖರ್ಚು ಏರ್‌ಲೈನ್‌ಗಳ ಬಾಡಿಗೆಗೆ ಸೇರುತ್ತದೆ. ಹಾಗಾಗಿ ಎಷ್ಟೋ ಕಡೆ ಏರ್‌ಲೈನ್‌ಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತು ಇರುತ್ತದೆ. ದೊಡ್ಡ ಪಾಲಿನ ಏರ್‌ಲೈನ್‌ಗಳು ಬೇಡ ಅಂದರೆ ಆ ಕೆಲಸ ನಿಲ್ಲುತ್ತದೆ, ಅಥವಾ ಮುಂದಕ್ಕೆ ಹೋಗುತ್ತದೆ. ಈಗ ಯೋಚನೆ ಮಾಡಿ. ಒಂದು ಊರಿನಲ್ಲಿ ಎಪ್ಪತ್ತು ಪರ್ಸೆಂಟ್ ವಿಮಾನ ಓಡಿಸುವ ಏರ್‌ಲೈನ್‌ಗೆ, ಹೊಸ ಎದುರಾಳಿ ಬರಲಿ ಅಂತ ಹೊಸ ಗೇಟ್ ಕಟ್ಟುವುದರಲ್ಲಿ ಏನು ಆಸಕ್ತಿ?

ಪಿಎಫ್‌ಸಿ ಹಾಗಲ್ಲ. ಏರ್‌ಲೈನ್‌ಗಳ ಜೊತೆ ಸಮಾಲೋಚನೆ ಮಾಡಬೇಕು, ಆದರೆ ಅವರ ಒಪ್ಪಿಗೆ ಬೇಕಾಗಿಲ್ಲ. ಎಫ್‌ಎಎ ಒಪ್ಪಿದರೆ ಸಾಕು. ಪಿಎಫ್‌ಸಿ ದುಡ್ಡಿನಲ್ಲಿ ಕಟ್ಟಿದ ಗೇಟನ್ನು ದೀರ್ಘಕಾಲಕ್ಕೆ ಒಂದೇ ಏರ್‌ಲೈನ್‌ಗೆ ಮೀಸಲಾಗಿ ಬರೆದುಕೊಡುವ ಹಾಗೂ ಇಲ್ಲ. ಗೇಟ್ ಖಾಲಿ ಇದ್ದರೆ ಬೇರೆಯವರು ಬರುತ್ತಾರೆ. ಬೇರೆಯವರು ಬಂದರೆ ಟಿಕೆಟ್ ಬೆಲೆ ಇಳಿಯುತ್ತದೆ. ನಾಲ್ಕು ಡಾಲರ್ ಶುಲ್ಕ ಏರಿ ನಲವತ್ತು ಡಾಲರ್ ಟಿಕೆಟ್ ಇಳಿದರೆ ನಿಮಗೆ ಯಾವುದು ಲಾಭ?

ಏರ್‌ಲೈನ್_ಒಳಮನೆ

ಅದು "ಇಳಿದರೆ" ಅನ್ನುವ ಮಾತು. ಖಾಲಿ ಗೇಟ್ ಇಟ್ಟುಕೊಂಡು ಯಾರೂ ಬಾರದೇ ಕೂತಿರುವ ಊರುಗಳು ಬೇಕಾದಷ್ಟಿವೆ. ಗೇಟ್ ಇದ್ದ ಮಾತ್ರಕ್ಕೆ ವಿಮಾನ ಬರುವುದಿಲ್ಲ. ಪ್ರಯಾಣಿಕರು ಇರಬೇಕು, ಪೈಲಟ್‌ಗಳು ಇರಬೇಕು, ವಿಮಾನ ಇರಬೇಕು. ಏರ್‌ಲೈನ್‌ಗೆ ತಡೆ ಹಾಕುವ ಅಧಿಕಾರ ಇರುವುದರಿಂದಲೇ ಎಷ್ಟೋ ಊರಿನ ಅತಿಯಾಸೆಯ ಯೋಜನೆಗಳು ಅಳತೆಗೆ ಬಂದಿವೆ. ಖರ್ಚಿನ ಮೇಲೆ ಯಾರಾದರೂ ಕಣ್ಣಿಡಬೇಕಲ್ಲ.

ಹುಬ್ಬಳ್ಳಿ_ಟು_ಹೂಸ್ಟನ್

ಈ ಮಾತಿನಲ್ಲೂ ಹುರುಳಿದೆ ನೋಡ್ರಿ.

ಮಂಜಿನ_ನಾಡು

ಏರ್‌ಲೈನ್‌ಗಳು ಪ್ರಯಾಣಿಕರ ಪರವಾಗಿ ಮಾತಾಡುತ್ತಿವೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2011 ನೆನಪಿದೆಯಾ? ಜುಲೈ ಕೊನೆಗೆ ಎಫ್‌ಎಎ ಕಾನೂನಿನ ಅವಧಿ ಮುಗಿಯಿತು, ಕಾಂಗ್ರೆಸ್ ಮುಂದುವರಿಸಲಿಲ್ಲ. ಸುಮಾರು ಎರಡು ವಾರ ಟಿಕೆಟ್ ಮೇಲಿನ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಟಿಕೆಟ್ ಅಗ್ಗ ಆಗಬೇಕಿತ್ತು ತಾನೇ? ಹೆಚ್ಚಿನ ದೊಡ್ಡ ಏರ್‌ಲೈನ್‌ಗಳು ಅಷ್ಟೇ ಮೊತ್ತ ತಮ್ಮ ದರಕ್ಕೆ ಸೇರಿಸಿ ತಾವೇ ಇಟ್ಟುಕೊಂಡವು. ಅತ್ತ ಎಫ್‌ಎಎಯ ಸುಮಾರು 4,000 ನೌಕರರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದರು, ಕಟ್ಟಡ ಕೆಲಸಗಳು ನಿಂತವು. ತೆರಿಗೆ ಇಳಿದಾಗ ಕೊಡದವರು, ಶುಲ್ಕ ಏರಿದರೆ ಬಡವರಿಗೆ ಕಷ್ಟ ಅನ್ನುತ್ತಾರೆ!

ಬ್ಯಾಗ್ ಫೀ ವಿಷಯ ಇನ್ನೂ ಬೇರೆ. ಚೆಕ್-ಇನ್ ಬ್ಯಾಗಿಗೆಂದು ಅಮೆರಿಕದ ಏರ್‌ಲೈನ್‌ಗಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ ಎತ್ತುತ್ತಿವೆ. ಅದರ ಮೇಲೆ ಏಳೂವರೆ ಪರ್ಸೆಂಟ್ ತೆರಿಗೆಯೂ ಇಲ್ಲ. ಅಂದರೆ ಟಿಕೆಟ್ ಬೆಲೆಯಿಂದ ಬ್ಯಾಗ್ ಬೇರೆ ಮಾಡಿದಷ್ಟೂ ಟ್ರಸ್ಟ್ ಫಂಡ್‌ಗೆ ನಷ್ಟ.

ತುಂಗಾ_ತೀರ

ಬ್ಯಾಗ್ ಫೀ ತಪ್ಪು ಅಂದ ಮಾತ್ರಕ್ಕೆ ಪಿಎಫ್‌ಸಿ ಏರಿಕೆ ಸರಿ ಆಗುವುದಿಲ್ಲ. ಎರಡೂ ಕಡೆಯಿಂದ ಕೈ ಹಾಕುವುದು ನಮ್ಮ ಜೇಬಿಗೇ.

ಮೈಲ್ಸ್_ಮನುಷ್ಯ

ಒಂದು ಸಣ್ಣ ವಿಷಯ. ಮೈಲ್ಸ್ (ಏರ್‌ಲೈನ್ ಕೊಡುವ ಪಾಯಿಂಟ್) ಕೊಟ್ಟು ಟಿಕೆಟ್ ತೆಗೆದುಕೊಂಡರೆ ಪಿಎಫ್‌ಸಿ ಇಲ್ಲ, ಕಾನೂನಿನಲ್ಲೇ ಹಾಗಿದೆ. ದೇಶದೊಳಗಿನ ಪ್ರಯಾಣಕ್ಕೆ ಬರೀ 5.60 ಕಟ್ಟಿದರೆ ಆಯಿತು. ಅಂದರೆ ಜಾಸ್ತಿ ಓಡಾಡುವ, ಕಂಪನಿ ಕಾರ್ಡ್ ಇರುವ ಜನ ಟರ್ಮಿನಲ್ ಬಳಸುತ್ತಾರೆ, ಟರ್ಮಿನಲ್‌ಗೆ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಹೋಗುವ ಕುಟುಂಬ ಕೊಡುತ್ತದೆ. ಏರಿಸುವುದಾದರೆ ಇದನ್ನೂ ಸರಿ ಮಾಡಬೇಕು.

ಹಾಸನದ_ಮಗಳು

ಇದು ನನಗೆ ಗೊತ್ತೇ ಇರಲಿಲ್ಲ. ಬಹಳ ಅನ್ಯಾಯ ಅನ್ನಿಸಿತು.

ಕಡಲೂರ_ಹುಡುಗ

ಮಾರಾಯ್ರೆ, ನನಗೆ ಒಂದು ಡೌಟು. ಕಳೆದ ಶಟ್‌ಡೌನ್‌ನಲ್ಲಿ ನಮ್ಮ ವಿಮಾನ ರದ್ದಾಗಿ ಮಕ್ಕಳನ್ನು ಕಟ್ಟಿಕೊಂಡು ಇಡೀ ರಾತ್ರಿ ಕುರ್ಚಿಯಲ್ಲಿ ಕೂತಿದ್ದೆವು. ಅಷ್ಟೆಲ್ಲ ಶುಲ್ಕ ಕೊಟ್ಟೂ ಈ ಏರ್‌ಪೋರ್ಟ್‌ನವರಿಗೆ ವಿಮಾನ ಬಿಡುವುದಕ್ಕೆ ಆಗುವುದಿಲ್ಲ ಅಂದರೆ ಇವರಿಗೆ ಇನ್ನೂ ಯಾಕೆ ಕೊಡಬೇಕು?

ರನ್‌ವೇ_ರಾಯ

ನಿಮ್ಮ ಸಿಟ್ಟು ಸರಿ, ಆದರೆ ವಿಳಾಸ ಬೇರೆ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳು ಎಫ್‌ಎಎ ನೌಕರರು, ಏರ್‌ಪೋರ್ಟ್‌ನವರಲ್ಲ. 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ನಿಂತಿತ್ತು. ಕಂಟ್ರೋಲರ್‌ಗಳು ಸಂಬಳ ಇಲ್ಲದೆ ಕೆಲಸ ಮಾಡಿದರು. ನವೆಂಬರ್‌ನಲ್ಲಿ ಎಫ್‌ಎಎ 40 ಏರ್‌ಪೋರ್ಟ್‌ಗಳಲ್ಲಿ ವಿಮಾನಗಳ ಸಂಖ್ಯೆಯನ್ನೇ ಇಳಿಸಿತು. ಟಿಕೆಟ್ ತೆರಿಗೆ ಮಾತ್ರ ಆಗಲೂ ಟ್ರಸ್ಟ್ ಫಂಡ್‌ಗೆ ಹರಿಯುತ್ತಲೇ ಇತ್ತು. ದುಡ್ಡು ಇದ್ದರೂ ಕಾಂಗ್ರೆಸ್ ಒಪ್ಪದೆ ಖರ್ಚು ಮಾಡುವ ಹಾಗಿಲ್ಲ. ಈ ಒಂದು ವಿಷಯದಲ್ಲಿ ಏರ್‌ಪೋರ್ಟ್, ಏರ್‌ಲೈನ್, ಕಾರ್ಮಿಕ ಸಂಘಗಳು ಎಲ್ಲರದ್ದೂ ಒಂದೇ ಬೇಡಿಕೆ. ಶಟ್‌ಡೌನ್ ಆದರೂ ಕಂಟ್ರೋಲರ್ ಸಂಬಳ ನಿಲ್ಲಬಾರದು.

ಕಡಲೂರ_ಹುಡುಗ

ಹಾಗಾದರೆ ಪತ್ರದಲ್ಲಿ ಮೊದಲು ಅದನ್ನು ಬರೆಯಿರಿ. ಅದಕ್ಕೆ ನಾನು ಎರಡು ಕೈಯಲ್ಲೂ ಸಹಿ ಹಾಕುತ್ತೇನೆ.

ಸರಹದ್ದಿನ_ಸಾಲು

5.60ರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 11ರ ದಾಳಿಯ ನಂತರ ಬಂದ ಸೆಕ್ಯುರಿಟಿ ಫೀ ಅದು. ಪ್ರಯಾಣಿಕರ ಸುರಕ್ಷತೆಗೆ ಅಂತಲೇ ತೆಗೆದುಕೊಳ್ಳುವುದು. ಆದರೆ 2013ರ ಬಜೆಟ್ ಒಪ್ಪಂದದಲ್ಲಿ ಅದನ್ನು ಏರಿಸಿದರು, ಅದರ ಒಂದು ಭಾಗವನ್ನು ಸರ್ಕಾರದ ಕೊರತೆ ತುಂಬಿಸಲು ತಿರುಗಿಸಿದರು. ನಾವು ಸೆಕ್ಯುರಿಟಿ ಸಾಲಿನಲ್ಲಿ ಕಾಯುತ್ತಾ ನಿಂತಿರುತ್ತೇವೆ, ಅದಕ್ಕೆಂದು ಕೊಟ್ಟ ದುಡ್ಡು ಬೇರೆಲ್ಲೋ ಹೋಗಿರುತ್ತದೆ. ಏರ್‌ಪೋರ್ಟ್ ಸಂಘಗಳೂ ಏರ್‌ಲೈನ್ ಸಂಘವೂ ಇದನ್ನು ನಿಲ್ಲಿಸಿ ಅಂತ ಕೇಳುತ್ತಲೇ ಇವೆ.

ಅದರ ಜೊತೆಗೆ ಎಕ್ಸಿಟ್ ಲೇನ್ ಜಗಳ. ಒಳಗಿನಿಂದ ಹೊರಗೆ ಬರುವ ದಾರಿಯಲ್ಲಿ ಯಾರೂ ಹಿಂದಕ್ಕೆ ನುಗ್ಗದ ಹಾಗೆ ಒಬ್ಬರು ಕೂತಿರುತ್ತಾರಲ್ಲ, ಆ ಕೆಲಸವನ್ನು ಟಿಎಸ್‌ಎ (ಸೆಕ್ಯುರಿಟಿ ತಪಾಸಣೆ ಮಾಡುವ ಫೆಡರಲ್ ಸಂಸ್ಥೆ) ಏರ್‌ಪೋರ್ಟ್‌ಗಳ ತಲೆಗೆ ಕಟ್ಟಲು ನೋಡಿತ್ತು. ಆಗಲೇ ಟಿಎಸ್‌ಎ ನೋಡಿಕೊಳ್ಳುತ್ತಿದ್ದ ಕಡೆ ಅದೇ ಮುಂದುವರಿಸಬೇಕು ಅಂತ ಅದೇ 2013ರ ಕಾನೂನಿನಲ್ಲಿ ಬರೆಸಿಕೊಂಡರು. ಆದರೂ ಬಜೆಟ್ ಬಂದಾಗ ಆ ವಿಷಯ ಮತ್ತೆ ಏಳುತ್ತದೆ. ಸಣ್ಣ ಏರ್‌ಪೋರ್ಟಿಗೆ ದಿನವಿಡೀ ಅಲ್ಲಿ ಜನ ಇಡುವುದು ದೊಡ್ಡ ಖರ್ಚು.

ಅಪ್ಪ_ಅಮ್ಮ_ಬರ್ತಾರೆ

ಚರ್ಚೆಯ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಪ್ಪ ಅಮ್ಮ ಮುಂದಿನ ತಿಂಗಳು ಬರುತ್ತಿದ್ದಾರೆ. ಇಲ್ಲಿ ಇಳಿದ ಮೇಲೆ ವೀಲ್‌ಚೇರ್ ಏರ್‌ಪೋರ್ಟ್‌ನವರಿಗೆ ಹೇಳಬೇಕಾ, ಏರ್‌ಲೈನ್‌ಗಾ?

ಹಾಸನದ_ಮಗಳು

ಏರ್‌ಲೈನ್‌ಗೆ. ಅಮೆರಿಕದಲ್ಲಿ ಅದು ಏರ್‌ಲೈನ್‌ನ ಹೊಣೆ, 1986ರ ಏರ್ ಕ್ಯಾರಿಯರ್ ಆಕ್ಸೆಸ್ ಆಕ್ಟ್ ಪ್ರಕಾರ. ಯುರೋಪಿನಲ್ಲಿ ವಿಮಾನ ಬದಲಿಸಿದರೆ ಅಲ್ಲಿ ಏರ್‌ಪೋರ್ಟ್‌ನವರ ಹೊಣೆ. ಟಿಕೆಟ್ ಮಾಡುವಾಗಲೇ ಕೇಳಿ, ಹೊರಡುವ ಎರಡು ದಿನ ಮುಂಚೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಇಮಿಗ್ರೇಷನ್ ಸಾಲಿನಲ್ಲಿ ಅವರಿಗೆ ತುಂಬ ಅನುಕೂಲ ಆಗುತ್ತದೆ.

ಅಪ್ಪ_ಅಮ್ಮ_ಬರ್ತಾರೆ

ತುಂಬ ಉಪಕಾರ ಅಕ್ಕ.

ಮಂಜಿನ_ನಾಡು

ಮತ್ತೆ ವಿಷಯಕ್ಕೆ ಬರೋಣ. 2024ರ ಮೇ 16ರಂದು ಹೊಸ ಎಫ್‌ಎಎ ಕಾನೂನಿಗೆ ಸಹಿ ಬಿತ್ತಲ್ಲ, ಅದರಲ್ಲಿ ಎಐಪಿ ಗ್ರಾಂಟ್ ವರ್ಷಕ್ಕೆ 335 ಕೋಟಿ ಡಾಲರ್ ಇದ್ದದ್ದು 400 ಕೋಟಿ ಆಯಿತು, 2028ರ ತನಕ. ಅದಕ್ಕೂ ಮುಂಚೆ ಎಷ್ಟೋ ವರ್ಷ 335ರಲ್ಲೇ ನಿಂತಿತ್ತು. ಪಿಎಫ್‌ಸಿ ಮಿತಿಯನ್ನು ಮಾತ್ರ ಮುಟ್ಟಲಿಲ್ಲ.

ಹಳೆ ಕಾನೂನು 2023ರ ಸೆಪ್ಟೆಂಬರ್ ಕೊನೆಗೇ ಮುಗಿದಿತ್ತು. ಹೊಸದು ಬರುವ ತನಕ ಕೆಲವು ತಿಂಗಳ ತುಂಡು ತುಂಡು ವಿಸ್ತರಣೆ. ನಮ್ಮ ಮಿನೆಸೋಟದಂಥ ಕಡೆ ರನ್‌ವೇ ಕೆಲಸ ಮಾಡಲು ಸಿಗುವುದೇ ಬೇಸಿಗೆ. ವಸಂತದಲ್ಲಿ ಗ್ರಾಂಟ್ ಕೈಗೆ ಬಾರದಿದ್ದರೆ ಟೆಂಡರ್ ಕರೆಯಲು ಆಗುವುದಿಲ್ಲ, ಆ ವರ್ಷ ಹೋದಂತೆಯೇ. ವಾಷಿಂಗ್ಟನ್‌ನಲ್ಲಿ ಮೂರು ತಿಂಗಳು ತಡ ಆದರೆ ಇಲ್ಲಿ ಒಂದು ವರ್ಷ ತಡ.

ಏರ್‌ಲೈನ್_ಒಳಮನೆ

2021ರ ಮೂಲಸೌಕರ್ಯ ಕಾನೂನನ್ನು ಯಾಕೆ ಬಿಟ್ಟಿರಿ? ವಿಮಾನ ಕ್ಷೇತ್ರಕ್ಕೆ 2,500 ಕೋಟಿ ಡಾಲರ್. ಏರ್‌ಪೋರ್ಟ್‌ಗಳ ಕಾಮಗಾರಿಗೆ 1,500 ಕೋಟಿ, ಟರ್ಮಿನಲ್‌ಗೇ ಅಂತ 500 ಕೋಟಿ. ಕೋವಿಡ್ ಹೊತ್ತಿನಲ್ಲಿ ಕೇರ್ಸ್ ಆಕ್ಟ್‌ನಲ್ಲಿ 1,000 ಕೋಟಿ, ಮತ್ತೆ 200, ಮತ್ತೆ 800 ಕೋಟಿ. ಇಷ್ಟೆಲ್ಲ ಬಂದ ಮೇಲೂ ಪ್ರಯಾಣಿಕರ ಹತ್ತಿರ ಕೇಳುವುದಾ?

ಬಾಂಡ್_ಲೆಕ್ಕ

ಕೋವಿಡ್ ಹಣ ಸಂಬಳ, ಸಾಲದ ಕಂತು, ನಿರ್ವಹಣೆಗೆ ಹೋಯಿತು. ಪ್ರಯಾಣಿಕರೇ ಇಲ್ಲದ ಕಾಲ ಅದು. ಏರ್‌ಲೈನ್‌ಗಳಿಗೂ ಸಂಬಳ ಕೊಡಲು ಸರ್ಕಾರ ಸಾವಿರಾರು ಕೋಟಿ ಕೊಟ್ಟಿತ್ತು, ಅದನ್ನೂ ಹೇಳಬೇಕಲ್ಲ. ಮೂಲಸೌಕರ್ಯದ ಹಣ ಐದು ವರ್ಷದ್ದು, 2026ರ ಆರ್ಥಿಕ ವರ್ಷಕ್ಕೆ ಅದರ ಕೊನೆಯ ಕಂತು. ಏರ್‌ಪೋರ್ಟ್ ಸಂಘ 2023ರಲ್ಲಿ ಹೇಳಿದ ಐದು ವರ್ಷದ ಅಗತ್ಯ 15,100 ಕೋಟಿ ಡಾಲರ್. ಸಂಘದವರ ಅಂಕಿ, ಸ್ವಲ್ಪ ಜಾಸ್ತಿಯೇ ಇರಲಿ. ಅರ್ಧ ಅಂತ ಇಟ್ಟುಕೊಂಡರೂ ಗ್ರಾಂಟ್‌ನಿಂದ ತುಂಬುವುದಿಲ್ಲ. ಎಂಜಿನಿಯರ್‌ಗಳ ಸಂಘ ಎಎಸ್‌ಸಿಇ ವಿಮಾನ ಕ್ಷೇತ್ರಕ್ಕೆ 2021ರಲ್ಲಿ ಕೊಟ್ಟ ಗ್ರೇಡ್ ಡಿ ಪ್ಲಸ್, 2025ರಲ್ಲೂ ಡಿ ಪ್ಲಸ್.

ಹುಬ್ಬಳ್ಳಿ_ಟು_ಹೂಸ್ಟನ್

ದುಡ್ಡು ಕೊಟ್ಟರೆ ಊರಿನ ರಾಜಕಾರಣಿಗಳು ರಸ್ತೆಗೋ ಸ್ಟೇಡಿಯಂಗೋ ಹಾಕಿಬಿಟ್ಟರೆ? ನಮ್ಮ ಕಡೆ ಅನುಭವ ಇದೆಯಲ್ಲ.

ರನ್‌ವೇ_ರಾಯ

ಆ ಭಯ ಇಲ್ಲಿ ಬೇಡ ಸರ್. ಏರ್‌ಪೋರ್ಟ್ ಆದಾಯವನ್ನು ಏರ್‌ಪೋರ್ಟಿಗೇ ಬಳಸಬೇಕು ಅಂತ ಫೆಡರಲ್ ಕಾನೂನು ಇದೆ. ತೀರಾ ಹಳೆಯ ಕೆಲವು ವಿನಾಯಿತಿಗಳನ್ನು ಬಿಟ್ಟರೆ ನಗರದ ಖಜಾನೆಗೆ ಎಳೆಯುವ ಹಾಗಿಲ್ಲ. ಪಿಎಫ್‌ಸಿ ಇನ್ನೂ ಬಿಗಿ. ಯಾವ ಕೆಲಸಕ್ಕೆ ಎಷ್ಟು ಅಂತ ಮುಂಚೆಯೇ ಹೇಳಿ ಎಫ್‌ಎಎ ಒಪ್ಪಿಗೆ ತೆಗೆದುಕೊಳ್ಳಬೇಕು, ಆ ಮೊತ್ತ ಸಂಗ್ರಹ ಆದ ಮೇಲೆ ನಿಲ್ಲಿಸಬೇಕು ಅಥವಾ ಹೊಸ ಅರ್ಜಿ ಹಾಕಬೇಕು. ಪ್ರತಿ ಪಿಎಫ್‌ಸಿಯಲ್ಲಿ ಏರ್‌ಲೈನ್ ತನ್ನ ವಸೂಲಿ ಖರ್ಚಿಗೆ ಅಂತ 11 ಸೆಂಟ್ ಹಿಡಿದುಕೊಳ್ಳುತ್ತದೆ. ಉಳಿದದ್ದು ಏರ್‌ಪೋರ್ಟಿಗೆ.

ಕನ್ನಡ_ಕೂಟ_ಖಜಾಂಚಿ

ನಾನು ಬೇರೆ ಊರಿನ ಕೂಟದವನು. ನನ್ನ ಪ್ರಶ್ನೆ ಬೇರೆ. ಕೂಟ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆ ತಾನೇ? ಇಂಥ ಪತ್ರಕ್ಕೆ ಸಹಿ ಹಾಕಬಹುದಾ? ನಮ್ಮಲ್ಲಿ ಒಮ್ಮೆ ಇದೇ ವಿಷಯಕ್ಕೆ ದೊಡ್ಡ ಜಗಳ ಆಗಿತ್ತು.

ಬಾಂಡ್_ಲೆಕ್ಕ

ಹಾಕಬಹುದು. ಚುನಾವಣೆಯಲ್ಲಿ ಅಭ್ಯರ್ಥಿಯ ಪರ ಅಥವಾ ವಿರುದ್ಧ ನಿಲ್ಲುವ ಹಾಗಿಲ್ಲ, ಅದು ಪೂರ್ತಿ ನಿಷೇಧ. ಕಾನೂನು ಬದಲಿಸಿ ಅಂತ ಸದಸ್ಯರನ್ನು ಕೇಳುವುದು ಲಾಬಿ, ಅದಕ್ಕೆ ಮಿತಿಯೊಳಗೆ ಅವಕಾಶ ಇದೆ. ಒಂದು ಪತ್ರದ ಸಹಿಯಿಂದ ಏನೂ ತೊಂದರೆ ಆಗುವುದಿಲ್ಲ. ಆದರೂ ಕಮಿಟಿ ಮೀಟಿಂಗ್‌ನಲ್ಲಿ ಠರಾವು ಮಾಡಿ ಬರೆದಿಟ್ಟುಕೊಳ್ಳಿ.

ತುಂಗಾ_ತೀರ

ಆಗಬಹುದು ಅನ್ನುವುದು ಬೇರೆ, ಮಾಡಬೇಕು ಅನ್ನುವುದು ಬೇರೆ. ಕೂಟ ಇರುವುದು ರಾಜ್ಯೋತ್ಸವಕ್ಕೆ, ಮಕ್ಕಳ ಕನ್ನಡ ಶಾಲೆಗೆ. ಸದಸ್ಯರಲ್ಲೇ ಒಮ್ಮತ ಇಲ್ಲದ ವಿಷಯಕ್ಕೆ ಕೂಟದ ಹೆಸರು ಯಾಕೆ? ಬೇಕಾದವರು ತಮ್ಮ ಹೆಸರಿನಲ್ಲಿ ಸಹಿ ಹಾಕಲಿ.

ಹಾಸನದ_ಮಗಳು

ನಾನು ಒಪ್ಪುವುದಿಲ್ಲ. ಈ ದೇಶದಲ್ಲಿ ನಾವು ತೆರಿಗೆ ಕಟ್ಟುತ್ತೇವೆ, ಮಕ್ಕಳು ಇಲ್ಲೇ ಬೆಳೆಯುತ್ತಾರೆ, ಊರಿನ ಏರ್‌ಪೋರ್ಟ್ ಎಲ್ಲರಿಗಿಂತ ಜಾಸ್ತಿ ಬಳಸುವವರಲ್ಲಿ ನಾವೂ ಇದ್ದೇವೆ. ಬರೀ ಹಬ್ಬ ಮಾಡಿಕೊಂಡು ಇದ್ದರೆ ನಮ್ಮ ಮಾತನ್ನು ಯಾರು ಕೇಳುತ್ತಾರೆ? ಊರಿನ ಉಳಿದ ಸಂಘಗಳು ನಮ್ಮನ್ನು ಕರೆದು ಸಹಿ ಕೇಳಿವೆ. ಅದು ಸಣ್ಣ ಗೌರವ ಅಲ್ಲ.

ಸರಹದ್ದಿನ_ಸಾಲು

ಇದು ಪಕ್ಷದ ವಿಷಯವೂ ಅಲ್ಲ ಅನ್ನುವುದನ್ನು ಸೇರಿಸುತ್ತೇನೆ. 2017ರಲ್ಲಿ ಮಿತಿ ತೆಗೆಯುವ ಮಸೂದೆ ತಂದವರು ಒರೆಗಾನ್‌ನ ಡೆಮಾಕ್ರಟ್ ಪೀಟರ್ ಡಿಫ್ಯಾಜಿಯೊ ಮತ್ತು ಕೆಂಟಕಿಯ ರಿಪಬ್ಲಿಕನ್ ಥಾಮಸ್ ಮ್ಯಾಸಿ. ಮ್ಯಾಸಿ ಅವರ ಕ್ಷೇತ್ರದಲ್ಲೇ ಸಿನ್ಸಿನಾಟಿ ಏರ್‌ಪೋರ್ಟ್ ಇದೆ. ಕಾಂಗ್ರೆಸ್‌ನಲ್ಲಿ ಈ ವಿಷಯದ ಗೆರೆ ಪಕ್ಷದ ಪ್ರಕಾರ ಬೀಳುವುದಿಲ್ಲ.

ಏರ್‌ಲೈನ್_ಒಳಮನೆ

ಅದು ನಿಜ. ಎರಡೂ ಪಕ್ಷದಲ್ಲಿ ಬೇಡ ಅನ್ನುವವರು ಇದ್ದಾರೆ ಅನ್ನುವುದೂ ಅಷ್ಟೇ ನಿಜ.

ಓಹಿಯೊ_ಕನ್ನಡತಿ

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ವಿವರ ನಾನು ನಿರೀಕ್ಷಿಸಿರಲಿಲ್ಲ. ಎರಡು ಮೂರು ಸಲ ಓದಿದೆ.

ನನ್ನ ಅಭಿಪ್ರಾಯ ಈಗ ಏರಿಸುವ ಕಡೆಗೇ ಇದೆ. ಹಾಗಂತ ಅವರು ಕೊಟ್ಟ ಪತ್ರಕ್ಕೆ ಹಾಗೇ ಸಹಿ ಹಾಕುವುದಿಲ್ಲ. ಕಮಿಟಿ ಮುಂದೆ ಹೀಗೆ ಇಡುತ್ತೇನೆ. ಏರಿಕೆ ಪ್ರಯಾಣ ಶುರುವಾಗುವ ಏರ್‌ಪೋರ್ಟಿನಲ್ಲಿ ಮಾತ್ರ ಇರಲಿ. ಮೈಲ್ಸ್ ಟಿಕೆಟ್‌ಗೂ ಅನ್ವಯ ಆಗಲಿ. ಸೆಕ್ಯುರಿಟಿ ಫೀ ಸೆಕ್ಯುರಿಟಿಗೇ ಹೋಗಲಿ, ಶಟ್‌ಡೌನ್‌ನಲ್ಲಿ ಕಂಟ್ರೋಲರ್ ಸಂಬಳ ನಿಲ್ಲದಿರಲಿ ಅಂತಲೂ ಸೇರಿಸುತ್ತೇವೆ. ವ್ಯಾಪಾರಿ ಸಂಘದವರು ಇದಕ್ಕೆ ಒಪ್ಪದಿದ್ದರೆ ನಮ್ಮದೇ ಪತ್ರ ಬೇರೆ ಬರೆಯುತ್ತೇವೆ. ತುಂಗಾ ಅವರು ಹೇಳಿದ ಹಾಗೆ ಒಪ್ಪದ ಸದಸ್ಯರ ಹೆಸರು ಅದರಲ್ಲಿ ಬರದ ಹಾಗೆ ನೋಡಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು. ನಮ್ಮೂರಿನ ಏರ್‌ಪೋರ್ಟ್ ಈಗಾಗಲೇ ತೆಗೆದುಕೊಳ್ಳುತ್ತಿರುವ ಪಿಎಫ್‌ಸಿ ಯಾವ ಕೆಲಸಕ್ಕೆ ಹೋಗಿದೆ ಅಂತ ಎಲ್ಲಿ ನೋಡಬಹುದು? ಮೀಟಿಂಗ್‌ನಲ್ಲಿ ಖಂಡಿತ ಕೇಳುತ್ತಾರೆ.

ತುಂಗಾ_ತೀರ

ಮೈಲ್ಸ್ ಟಿಕೆಟ್ ಮಾತು ಸೇರಿಸಿದ್ದು ಒಳ್ಳೆಯದಾಯಿತು. ನನ್ನ ವೋಟು ಇನ್ನೂ "ಬೇಡ" ಅಂತಲೇ, ಆದರೆ ಈ ಪತ್ರದ ಮೇಲೆ ಕೋಪ ಇಲ್ಲ.

ರನ್‌ವೇ_ರಾಯ

ಅಕ್ಕ, ಎಫ್‌ಎಎ ವೆಬ್‌ಸೈಟಿನಲ್ಲಿ ಯಾವ ಏರ್‌ಪೋರ್ಟಿಗೆ ಎಷ್ಟು ಪಿಎಫ್‌ಸಿ, ಎಂದಿನಿಂದ ಎಂದಿನವರೆಗೆ ಒಪ್ಪಿಗೆ ಇದೆ ಅನ್ನುವ ಪಟ್ಟಿ ಇದೆ. ಕೆಲಸವಾರು ವಿವರ ಬೇಕಾದರೆ ನಿಮ್ಮ ಏರ್‌ಪೋರ್ಟಿನ ಫೈನಾನ್ಸ್ ವಿಭಾಗಕ್ಕೆ ಬರೆದು ಕೇಳಿ. ಸಾರ್ವಜನಿಕ ಸಂಸ್ಥೆ, ಕೊಡಬೇಕು. ಹೊಸ ಅರ್ಜಿ ಹಾಕುವ ಮುಂಚೆ ಅವರು ಸಾರ್ವಜನಿಕ ನೋಟಿಸ್ ಹಾಕಿ 30 ದಿನ ಅಭಿಪ್ರಾಯಕ್ಕೆ ಬಿಡಬೇಕು. ಆ ನೋಟಿಸ್‌ಗಳಿಗೆ ಉತ್ತರ ಬರೆಯುವವರು ಬಹಳ ಕಡಿಮೆ. ಕೂಟದವರು ಬರೆದರೆ ಓದುತ್ತಾರೆ. ಸೋರುವ ಚಾವಣಿಯನ್ನು ಆ ಪಟ್ಟಿಯಲ್ಲಿ ಸೇರಿಸಿ ಅಂತ ಮೊದಲ ಸಾಲಿನಲ್ಲೇ ಬರೆಯಿರಿ.